ನಾನು ಕೂಗದ ಕೂಗು

ವಿಚಿತ್ರ ಅನುಭವ ಎಂದು ಯಾರಾದರೂ ಮಾತು ತೆಗೆದರೆ ಸಾಕು, ನನಗೆ ನಗು ಬರುತ್ತಿತ್ತು. ಬೈಲಹೊಂಗಲದ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷ ಭೌತಶಾಸ್ತ್ರ ಕಲಿಸಿದವನು ನಾನು. ಯಾರದೋ ನೆರಳು ಕಂಡಿತು, ಯಾರೋ ಹೆಸರು ಹಿಡಿದು ಕರೆದರು ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಶುರು ಮಾಡಿದರೆ, ಎಷ್ಟು ದೂರದಿಂದ, ಎಷ್ಟು ಹೊತ್ತಿಗೆ, ಜೊತೆಗೆ ಬೇರೆ ಯಾರು ಕೇಳಿದರು ಎಂದು ಪ್ರಶ್ನೆ ಹಾಕಿ ಅವರ ಉತ್ಸಾಹಕ್ಕೆ ತಣ್ಣೀರು ಎರಚುವುದು ನನ್ನ ಚಾಳಿಯಾಗಿತ್ತು. ನೀವೂ ಅದೇ ಪೈಕಿಯವರಾಗಿದ್ದರೆ ನನಗೇನೂ ಬೇಸರವಿಲ್ಲ. ನಾನು ಹೇಳಲು ಹೊರಟಿರುವ ಸಂಗತಿಗೆ ಆ ಪ್ರಶ್ನೆಗಳೆಲ್ಲದರ ಉತ್ತರ ನನ್ನ ಬಳಿ ಇದೆ. ಉತ್ತರಗಳಿದ್ದೂ ಆರು ವರ್ಷಗಳಿಂದ ನನಗೆ ಏನೂ ತಿಳಿದಿಲ್ಲ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೆಂಡತಿ, ಮಕ್ಕಳು, ವಿದ್ಯಾರ್ಥಿಗಳು, ಹಾಲು ಕೊಡುವವನು, ಎಲ್ಲರೂ ಇದಕ್ಕೆ ಸಾಕ್ಷಿ ಹೇಳುತ್ತಾರೆ. ಬೈದು ಮುಗಿಸಿದ ಮೇಲೆ ಮರೆತುಬಿಡುತ್ತೇನೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಬೈಸಿಕೊಂಡವರು ಎಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ಯೋಚಿಸಿರಲಿಲ್ಲ.

ಸಕ್ಕರೆ ಕಾಯಿಲೆ ಬಂದು ಡಾಕ್ಟರು ದಿನಾ ನಡೆಯಿರಿ ಎಂದ ಮೇಲೆ, ಊರಿನ ಮೈದಾನದಲ್ಲಿ ಗಾಣದ ಎತ್ತಿನಂತೆ ಸುತ್ತಿ ಬೇಸತ್ತ ನಾವು ಒಂಬತ್ತು ಜನ ಸೇರಿ ಗುಡ್ಡ ಹತ್ತುವ ಗುಂಪೊಂದನ್ನು ಕಟ್ಟಿಕೊಂಡಿದ್ದೆವು. ತಿಂಗಳಿಗೊಮ್ಮೆ ಶನಿವಾರ ಹೊರಡುವುದು, ಭಾನುವಾರ ಸಂಜೆ ಮನೆ ಸೇರುವುದು. ಕಿತ್ತೂರಿನ ಪಶ್ಚಿಮಕ್ಕಿರುವ ಕಾಡಂಚು, ಸವದತ್ತಿಯ ಸುತ್ತಲಿನ ಗುಡ್ಡಗಳು, ರಾಮದುರ್ಗದ ಕಲ್ಲುಬಂಡೆಗಳು, ಹೀಗೆ ಸುತ್ತಿದೆವು. ಗುಂಪಿನ ಹಿರಿಯನೆಂದು ಮುಂದೆ ನಡೆಯುವ ಹಕ್ಕನ್ನು ನಾನೇ ತೆಗೆದುಕೊಂಡಿದ್ದೆ. ಕೊನೆಯಲ್ಲಿ ನಡೆಯುವವರು ಗುರುಸಿದ್ದಪ್ಪ. ದೊಡವಾಡದ ರೈತರು, ಬೈಲಹೊಂಗಲದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವರು, ನನಗಿಂತ ಎರಡು ವರ್ಷ ಚಿಕ್ಕವರು. ನನ್ನ ಪೂರ್ವಜರೂ ದೊಡವಾಡದವರೇ. ನಮ್ಮಜ್ಜ ಅವರ ಮನೆಗೆ ಹೋಗಿ ಪಂಚಾಂಗ ಓದಿ ಬಿತ್ತನೆಯ ದಿನ ಹೇಳಿಬರುತ್ತಿದ್ದರು. ಹಾಗಾಗಿ ನಮ್ಮಿಬ್ಬರ ಸ್ನೇಹಕ್ಕೆ ನಮಗಿಂತ ಹೆಚ್ಚು ವಯಸ್ಸಾಗಿತ್ತು.

ಸಾಲಾಗಿ ನಡೆಯುವಾಗ ಯಾರೂ ತಪ್ಪಿಸಿಕೊಳ್ಳದಿರಲು ಒಂದು ಉಪಾಯ ಬೇಕಿತ್ತು. ಅದನ್ನು ಕೊಟ್ಟವರು ಗುರುಸಿದ್ದಪ್ಪ. ನಮ್ಮ ಕಡೆ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಭೂಮಿತಾಯಿಗೆಂದು ಅಡುಗೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಒಬ್ಬರು ಮುಂದೆ ಬೀರುತ್ತ ಹೋದರೆ, ಇನ್ನೊಬ್ಬರು ನೀರು ಚಿಮುಕಿಸುತ್ತ ಹಿಂದೆ ಬರುತ್ತಾರೆ. ಮುಂದಿನವರು 'ಹುಲ್ಲುಲ್ಲಿಗೋ' ಎಂದು ಕೂಗಿದರೆ ಹಿಂದಿನವರು 'ಸಲಾಂಬ್ರಿಗೋ' ಎಂದು ಓಗೊಡುತ್ತಾರೆ. ಕೂಗು ಊರಿಗೊಂದು ತರ, ಅರ್ಥ ಕೇಳಿದರೆ ಯಾರೂ ಹೇಳುವುದಿಲ್ಲ. ಗುರುಸಿದ್ದಪ್ಪನವರ ಮನೆಯಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು, ಮುಂದೆ ಹೋಗುವವರು ಹಿಂದಿರುಗಿ ನೋಡಬಾರದು. ನಮಗೆ ಇದು ತಮಾಷೆಯಾಗಿ ಕಂಡು ಹಾಗೆಯೇ ಹಿಡಿದುಕೊಂಡೆವು. ನೂರು ಹೆಜ್ಜೆಗೊಮ್ಮೆ ನಾನು ಕೂಗಬೇಕು, ಕೊನೆಯಿಂದ ಗುರುಸಿದ್ದಪ್ಪ ಓಗೊಡಬೇಕು. ಸಾಲಿನಲ್ಲಿ ಯಾರು ಹಿಂದಿರುಗಿ ನೋಡಿದರೂ ಎಲ್ಲರಿಗೂ ಚಹಾ ಕುಡಿಸಬೇಕು. ಚಹಾದ ಭಯಕ್ಕೆ ಯಾರೂ ತಲೆ ತಿರುಗಿಸುತ್ತಿರಲಿಲ್ಲ. ಕಣ್ಣಿನ ಕೆಲಸವನ್ನು ಕಿವಿಗೆ ಕೊಟ್ಟದ್ದು ಎಂಥ ತಪ್ಪು ಎಂದು ಆಗ ಹೊಳೆಯಲಿಲ್ಲ.

ಆರು ವರ್ಷಗಳ ಹಿಂದಿನ ಡಿಸೆಂಬರಿನಲ್ಲಿ, ಸವದತ್ತಿಯಿಂದ ರಾಮದುರ್ಗದ ಕಡೆ ಹಬ್ಬಿದ ಗುಡ್ಡಗಳಲ್ಲಿ ಒಂದಕ್ಕೆ ಹೋದೆವು. ಗುಡ್ಡದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಬರುವ ಭಾನುವಾರವೇ ಯಾರಾದರೂ ಮೊಬೈಲ್ ಹಿಡಿದುಕೊಂಡು ಅಲ್ಲಿ ಕೂಗಲು ಹೋಗುತ್ತಾರೆ. ಮುನವಳ್ಳಿ ದಾಟಿ, ಡಾಂಬರು ಮುಗಿದಲ್ಲಿ ಗಾಡಿ ನಿಲ್ಲಿಸಿ, ಮೂರು ತಾಸು ಹತ್ತಬೇಕು. ನೆತ್ತಿಯ ಮೇಲೆ ಉದ್ದಕ್ಕೂ ಚಪ್ಪಟೆ ಬಂಡೆ, ನಡುನಡುವೆ ಕುರುಚಲು ಗಿಡ. ಅಲ್ಲೊಂದು ಕಲ್ಲಿನ ಖೋಲಿ. ಯಾರು ಯಾವಾಗ ಕಟ್ಟಿದರೋ ಗೊತ್ತಿಲ್ಲ. ಮಳೆಗಾಲದಲ್ಲಿ ಕುರಿಗಾರರು ತಂಗುತ್ತಾರೆ, ಉಳಿದಂತೆ ಖಾಲಿ. ಬಾಗಿಲಿಗೆ ಚಿಲಕದ ಬದಲು ತಂತಿ. ಒಳಗೆ ಮೂರು ಕಲ್ಲಿನ ಒಲೆ, ಮುಂದಿನವರಿಗೆಂದು ಯಾರೋ ಇಟ್ಟುಹೋದ ಕಟ್ಟಿಗೆ.

ಸಂಜೆ ಊಟಕ್ಕೆ ಕುಳಿತೆವು. ಎಲ್ಲರ ಬುತ್ತಿಯೂ ಬಿಚ್ಚಿತು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಗುರುಸಿದ್ದಪ್ಪ ಎಲ್ಲರಿಗಿಂತ ಮೊದಲು ಎರಡು ರೊಟ್ಟಿ ತೆಗೆದು, ಮೇಲೆ ಪಲ್ಯ ಹಚ್ಚಿ, ಹೊರಗೆ ಹೊರಟರು. ಎಲ್ಲಿಗೆ ಎಂದು ಕೇಳಿದೆ.

"ಗುಡ್ಡದಾಗ ಇರೋರಿಗೆ ಒಂದ ತುತ್ತು ಇಟ್ಟ ಬರತೇನ್ರಿ ಸರ. ಅವರ ಜಾಗಾಕ್ಕ ಬಂದೇವಿ, ನಾವ ಮೊದಲು ಉಂಡ್ರ ಹೆಂಗ?"

ಅದು ಅವರ ಎಂದಿನ ಪದ್ಧತಿ. ಬೇರೆ ದಿನವಾಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆ ದಿನ ಹತ್ತುವಾಗ ಕಾಲು ಉಳುಕಿತ್ತು, ಹಸಿವಾಗಿತ್ತು, ಜೊತೆಗೆ, ಆ ಸಲ ಬರಲಾಗದ ಇಬ್ಬರ ಬದಲಿಗೆ ಬಂದ ಇಬ್ಬರು ಹೊಸಬರಿದ್ದರು. ಅವರೆದುರು ಜಾಣನಾಗಬೇಕೆಂಬ ಚಪಲ. "ರಾತ್ರಿ ನರಿ ಬಂದು ತಿಂದು ಹೋಗತದ, ಮುಂಜಾನೆ ನೀವು ಗುಡ್ಡ ಉಂಡಿತು ಅಂತೀರಿ" ಎಂದೆ. ಎಲ್ಲರೂ ನಕ್ಕರು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ನಗು ಬಿದ್ದದ್ದನ್ನು ಕೇಳಿ ನಾಲಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. "ನಿಮ್ಮಂಥ ದಡ್ಡರು ಇದ್ದರಂತನ ನಮ್ಮ ಅಜ್ಜ ಪಂಚಾಂಗ ಓದಿ ಹೊಟ್ಟಿ ತುಂಬಿಸಿಕೊಂಡ" ಎಂದುಬಿಟ್ಟೆ.

ಈ ಸಲ ಯಾರೂ ನಗಲಿಲ್ಲ. ಗುರುಸಿದ್ದಪ್ಪ ಬಾಗಿಲಲ್ಲಿ ನಿಂತರು. ಆಮೇಲೆ ನಿಧಾನವಾಗಿ, "ನಿಮ್ಮ ಅಜ್ಜಾರು ನಮ್ಮ ಮನಿಗೆ ಬಂದ್ರ ನಮ್ಮಪ್ಪ ಎದ್ದ ನಿಲ್ಲತಿದ್ರಿ ಸರ" ಎಂದು ಹೇಳಿ, ಹೊರಗೆ ಹೋಗದೆ ತಿರುಗಿ ಬಂದು, ಆ ಎರಡು ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಚೀಲದಲ್ಲಿಟ್ಟರು. ಎರಡು ತುತ್ತು ಉಂಡ ಶಾಸ್ತ್ರ ಮಾಡಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ತಪ್ಪು ಮಾಡಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ತಪ್ಪಾಯಿತು ಅನ್ನಲು ಎರಡು ಮಾರು ದೂರ ಹೋಗಬೇಕಿತ್ತು, ಹೋಗಲಿಲ್ಲ. ತಪ್ಪು ನನ್ನದೆಂದು ಗೊತ್ತಾದಷ್ಟೂ ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟಿನವರ ಲೆಕ್ಕವೇ ಹೀಗೆ.

ಬೆಳಗ್ಗೆ ಆರಕ್ಕೆ ಎದ್ದು, ಸೂರ್ಯೋದಯ ನೋಡಲು ಬಂಡೆಯ ತುದಿಗೆ ಹೋದೆವು. ಖೋಲಿಯಿಂದ ಎರಡು ಕಿಲೋಮೀಟರ್ ದೂರ, ದಾರಿ ಸಮತಟ್ಟು. ನದಿ ಕೆಳಗೆ ಬೆಳ್ಳಗೆ ಕಾಣುತ್ತಿತ್ತು. ಸೂರ್ಯ ಹುಟ್ಟಿದ್ದೂ ಕಂಡಿತು, ಫೋಟೋ ತೆಗೆದದ್ದೂ ಆಯಿತು. ವಾಪಸು ಹೊರಡಬೇಕು ಎನ್ನುವಾಗ ನದಿಯ ಕಡೆಯಿಂದ ಮಂಜು ಏರತೊಡಗಿತು. ಅಂಥ ಮಂಜನ್ನು ನಮ್ಮ ಕಡೆ ನಾನು ಹಿಂದೆ ನೋಡಿರಲಿಲ್ಲ. ಹತ್ತು ನಿಮಿಷದಲ್ಲಿ ಮುಂದಿನವರ ಬೆನ್ನಿನ ಚೀಲ ಮಾತ್ರ ಕಾಣುವಂತಾಯಿತು. ನಾನು ಮುಂದೆ, ಗುರುಸಿದ್ದಪ್ಪ ಕೊನೆಗೆ. ಅವರ ಮುಂದಿನ ಜಾಗ ಶೋಭಾ ಅವರದು. ಅವರು ಊರಿನ ಒಂದು ದವಾಖಾನೆಯಲ್ಲಿ ನರ್ಸು, ನಾವೆಲ್ಲ ಸಿಸ್ಟರ್ ಎಂದೇ ಕರೆಯುವುದು. ಬಂಡೆಯ ಅಂಚಿನಲ್ಲಿ ಅಲ್ಲಲ್ಲಿ ಆಳವಾದ ಬಿರುಕುಗಳಿದ್ದವು. ಎಡಕ್ಕೆ ಹೋಗಬೇಡಿ ಎಂದು ಎಲ್ಲರಿಗೂ ಹೇಳಿ ಹೊರಟೆ.

ನೂರು ಹೆಜ್ಜೆಗೆ ಕೂಗಿದೆ, ಉತ್ತರ ಬಂತು. ಇನ್ನೂರಕ್ಕೆ ಕೂಗಿದೆ, ಬಂತು. ಒಂಟಿ ಬನ್ನಿ ಮರದ ಹತ್ತಿರ ಮೂರನೆಯ ಸಲ ಕೂಗಿದಾಗ ಉತ್ತರ ತಡವಾಗಿ, ಬೇಕೋ ಬೇಡವೋ ಎಂಬಂತೆ ಬಂತು. ನನಗೆ ಹಾಗೆ ಕೇಳಿಸಿತು. ಇನ್ನೂ ಮುಖ ಊದಿಸಿಕೊಂಡಿದ್ದಾರೆ ಅನಿಸಿ ಮೈಯೆಲ್ಲ ಉರಿಯಿತು. ಇವರು ಹೀಗೆ ಓಗೊಡುವುದಾದರೆ ನಾನೇಕೆ ಗಂಟಲು ಹರಿದುಕೊಳ್ಳಲಿ, ಬೇಕಾದರೆ ಅವರೇ ಕೂಗಲಿ ಎಂದುಕೊಂಡೆ. ಮಂಕಿ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು, ಮಫ್ಲರನ್ನು ಬಾಯಿಗೆ ಸುತ್ತಿಕೊಂಡು ನಡೆದೆ. ಅಲ್ಲಿಂದ ಖೋಲಿಯವರೆಗೆ ಮುಕ್ಕಾಲು ತಾಸಿನ ದಾರಿ. ಆ ದಾರಿಯುದ್ದಕ್ಕೂ ನಾನು ಬಾಯಿ ತೆರೆಯಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ. ಮುಂದೆ ಬರುವುದೆಲ್ಲ ಇದರ ಮೇಲೆ ನಿಂತಿದೆ. ಆಗ ನಾನು ಏನು ಯೋಚಿಸುತ್ತಿದ್ದೆ ಎಂಬುದೂ ನೆನಪಿದೆ. ಗುರುಸಿದ್ದಪ್ಪನವರ ಮೂಢನಂಬಿಕೆಯ ವಿರುದ್ಧ ಒಂದು ಸೊಗಸಾದ ಭಾಷಣವನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದೆ.

ಖೋಲಿ ಸಿಕ್ಕಿತು. ಒಬ್ಬೊಬ್ಬರಾಗಿ ಮಂಜಿನಿಂದ ಹೊರಬಂದರು. ಶೋಭಾ ಬಂದವರೇ ಟೋಪಿ ತೆಗೆಯುತ್ತ, "ಇವತ್ತು ಸರ್ ಗಂಟಲಿಗೆ ಒಂದ ಬಹುಮಾನ ಕೊಡಬೇಕ್ರಿ. ಒಂದ ಸಲನೂ ತಪ್ಪಿಸಲಿಲ್ಲ ನೋಡ್ರಿ" ಎಂದರು. ಚುಚ್ಚಿ ಆಡುತ್ತಿದ್ದಾರೆ ಎಂದುಕೊಂಡು ಖಾರವಾಗಿ ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಹೊಸಬರಲ್ಲೊಬ್ಬರು ಹೌದು ಸರ, ನಿಮ್ಮ ಕೂಗು ಇದ್ದದ್ದಕ್ಕೆ ಧೈರ್ಯ ಬಂತು ಎಂದರು. ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ನನಗೆ ಏನೂ ಅರ್ಥವಾಗದೆ ಗುರುಸಿದ್ದಪ್ಪ ಎಲ್ಲಿ ಎಂದು ಕೇಳಿದೆ.

"ನನ್ನ ಬೆನ್ನ ಹಿಂದ ಇದ್ರಲ್ರಿ" ಎಂದು ಶೋಭಾ ತಿರುಗಿ ನೋಡಿದರು. "ಈಗಷ್ಟ ಸಲಾಂಬ್ರಿಗೋ ಅಂದ್ರು."

ಐದು ನಿಮಿಷ ಕಾದೆವು. ಯಾರೂ ಬರಲಿಲ್ಲ. ಬನ್ನಿ ಮರದ ಬಳಿ ತಡವಾಗಿ ಬಂದ ಆ ಉತ್ತರವೇ ನಾನು ಕೇಳಿದ ಅವರ ಕೊನೆಯ ದನಿ. ಆಮೇಲೆ ಮುಕ್ಕಾಲು ತಾಸು ನಾನು ಅವರನ್ನು ವಿಚಾರಿಸಿರಲಿಲ್ಲ. ಅವರ ಹೆಂಡತಿ ಮಹಾದೇವಿಯವರಿಗೆ ಏನು ಹೇಳುವುದು ಎಂಬುದೊಂದೇ ತಲೆಯಲ್ಲಿ ಸುತ್ತತೊಡಗಿತು.

ಇಬ್ಬರನ್ನು ಖೋಲಿಯಲ್ಲಿ ಬಿಟ್ಟು ಆರು ಜನ ವಾಪಸು ಹೊರಟೆವು. ಈ ಸಲ ಒಬ್ಬರ ಕೈ ಒಬ್ಬರು ಹಿಡಿದುಕೊಂಡು. ಉಳಿದವರು ಅವರ ಹೆಸರು ಹಿಡಿದು ಕೂಗುತ್ತಿದ್ದರು. ಸರ, ನೀವು ಚರಗದ ಕೂಗು ಕೂಗಿ, ಅದರ ಗುರುತು ಅವರಿಗೆ ಬೇಗ ಹತ್ತುತ್ತದೆ ಎಂದು ಯಾರೋ ಹೇಳಿದರು. ನಾನು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಬನ್ನಿ ಮರದ ಬಳಿ ಬಂದಾಗ ಶೋಭಾ ಎಲ್ಲರನ್ನೂ ಸುಮ್ಮನಿರಿಸಿದರು. ನಿಂತು ಕಿವಿಗೊಟ್ಟೆವು.

ಅಂಚಿನ ಕಡೆಯಿಂದ, ಕೆಳಗಿನಿಂದ, ಕ್ಷೀಣವಾಗಿ 'ಸಲಾಂಬ್ರಿಗೋ' ಎಂದು ಕೇಳಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಮತ್ತೆ ಅಷ್ಟೇ ಹೊತ್ತು ಬಿಟ್ಟು ಮಗದೊಮ್ಮೆ. ನೋವಿನಿಂದ ಕಿರುಚಿದ್ದಲ್ಲ, ಸಹಾಯ ಬೇಡಿದ್ದೂ ಅಲ್ಲ. ನೂರು ಹೆಜ್ಜೆಗೊಮ್ಮೆ ಓಗೊಡುವ ರೀತಿಯೇ. ನಡುವಿನ ಮೌನ ಒಂದು ಕೂಗಿಗೆ ಬೇಕಾದಷ್ಟೇ ಇತ್ತು. ನಾವು ಆರೂ ಜನ ತುಟಿ ಬಿಚ್ಚದೆ ನಿಂತಿದ್ದೆವು.

"ಯಾರಿಗೆ ಓ ಅನ್ನಾಕತ್ತಾರ್ರಿ ಅವರು?" ಎಂದು ಶೋಭಾ ಮೆಲ್ಲಗೆ ಕೇಳಿದರು.

ದನಿಯ ಜಾಡು ಹಿಡಿದು, ಹೊಟ್ಟೆಯ ಮೇಲೆ ತೆವಳುತ್ತ ಅಂಚಿಗೆ ಹೋದೆವು. ಎರಡು ಬಂಡೆಗಳ ನಡುವಿನ ಬಿರುಕಿನಲ್ಲಿ, ಒಂದೂವರೆ ಆಳಿನಷ್ಟು ಕೆಳಗೆ, ಹಗ್ಗದ ಹೊರಸಿನಷ್ಟು ಅಗಲದ ಕಲ್ಲಿನ ಮೇಲೆ ಗುರುಸಿದ್ದಪ್ಪ ಅಂಗಾತ ಮಲಗಿದ್ದರು. ಬಲಗಾಲು ಇರಬಾರದ ರೀತಿಯಲ್ಲಿ ತಿರುಗಿತ್ತು. ಹಣೆಯ ಮೇಲೆ ರಕ್ತ ಒಣಗಿತ್ತು. ನನ್ನ ಮುಖ ಕಂಡ ಕೂಡಲೇ ಅವರು ನಕ್ಕರು. "ಬಂದ್ರೇನ್ರಿ ಸರ? ನೀವು ಬರತೀರಿ ಅಂತ ಗೊತ್ತಿತ್ರಿ. ಕೂಗು ಹತ್ತರ ಹತ್ತರ ಬರಾಕತ್ತಿತ್ತು. ಅದಕ್ಕ ಅಲಗ್ಯಾಡದ ಬಿದ್ದಿದ್ದೆ."

ಅವರನ್ನು ಹೇಗೆ ಮೇಲೆತ್ತಿದೆವು, ಕಂಬಳಿಗೆ ಎರಡು ಬಡಿಗೆ ಕಟ್ಟಿ ಹೇಗೆ ಕೆಳಗಿಳಿಸಿದೆವು ಎಂಬುದನ್ನೆಲ್ಲ ಹೇಳುತ್ತ ಕೂರುವುದಿಲ್ಲ. ಎರಡು ಸಂಗತಿ ಮಾತ್ರ ಹೇಳಬೇಕು. ಮೇಲೆತ್ತಿದ ಮೇಲೆ ಮಂಜು ಕರಗಿತು. ಅವರು ಮಲಗಿದ್ದ ಕಲ್ಲಿನ ಆಚೆ ಏನೂ ಇರಲಿಲ್ಲ. ಒಂದು ಮೊಳ ಸರಿದಿದ್ದರೆ ಎರಡು ತೆಂಗಿನ ಮರದಷ್ಟು ಆಳಕ್ಕೆ ಬೀಳುತ್ತಿದ್ದರು. ಮಂಜಿನಲ್ಲಿ ಅವರಿಗೆ ಅದು ಕಂಡಿರಲಿಲ್ಲ. ಏಳಲು ಹೋಗದೆ, ಹೊರಳದೆ ಮಲಗಿದ್ದರಿಂದ ಉಳಿದರು. ಕೂಗು ಕೇಳುತ್ತಿದ್ದದ್ದರಿಂದ ಹಾಗೆ ಮಲಗಿದ್ದರು.

ಎರಡನೆಯದು, ಬಿರುಕಿನ ಬಾಯಲ್ಲಿ ಒಂದು ಅರಿವೆ ಬಿಚ್ಚಿಕೊಂಡು ಬಿದ್ದಿತ್ತು. ಅದರೊಳಗೆ ಹಿಂದಿನ ಸಂಜೆಯ ಎರಡು ರೊಟ್ಟಿ. ನನ್ನ ಕಣ್ಣಿಗೆ ಬೀಳದಂತೆ ಅದನ್ನು ಬಂಡೆಯ ಮೇಲೆ ಇಟ್ಟುಬರಲು ಅವರು ಮಂಜಿನಲ್ಲಿ ಸಾಲು ಬಿಟ್ಟು ಹಿಂದುಳಿದಿದ್ದರು. ಇಟ್ಟು ತಿರುಗುವಾಗ ಕಾಲು ಜಾರಿತು. ನನ್ನ ಮೂರನೆಯ ಕೂಗಿಗೆ ಉತ್ತರ ತಡವಾಗಿದ್ದು ಮುನಿಸಿನಿಂದಲ್ಲ. ಅವರು ಆಗ ಬಗ್ಗಿ ರೊಟ್ಟಿ ಇಡುತ್ತಿದ್ದರು.

ಬೈಲಹೊಂಗಲಕ್ಕೆ ಬಂದ ಮೇಲೆ ನಾನು ಎಲ್ಲರನ್ನೂ ಒಬ್ಬೊಬ್ಬರಾಗಿ ವಿಚಾರಿಸಿದೆ, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹುಡುಗರನ್ನು ಕೇಳುವ ಹಾಗೆ. ಯಾರೂ ತಡವರಿಸಲಿಲ್ಲ. ಖೋಲಿಯವರೆಗೂ ಮುಂದಿನಿಂದ ನನ್ನ ಕೂಗು ಕೇಳುತ್ತಿತ್ತು, ಹಿಂದಿನಿಂದ ಗುರುಸಿದ್ದಪ್ಪನವರ ಉತ್ತರ ಕೇಳುತ್ತಿತ್ತು. ನಡುವೆ ಒಮ್ಮೆ ನಾನು ಕೆಮ್ಮಿದ್ದೂ ಕೇಳಿಸಿತು ಎಂದರು ಶೋಭಾ. ಅವರು ಇನ್ನೂ ಒಂದು ಮಾತು ಹೇಳಿದರು, ಹೇಳುವಾಗ ಅವರ ಕಣ್ಣು ತುಂಬಿತ್ತು. ಉತ್ತರ ಕೊಡುವವರ ಹೆಜ್ಜೆಯ ಸಪ್ಪಳ ತನ್ನ ಹಿಂದೆ ಕೇಳುತ್ತಿತ್ತೇ ಎಂದು ಎಷ್ಟು ನೆನೆಸಿಕೊಂಡರೂ ನೆನಪಾಗುವುದಿಲ್ಲವಂತೆ. ದನಿಯೊಂದೇ ನೆನಪಂತೆ. ಅಂದರೆ ಆ ಮುಕ್ಕಾಲು ತಾಸು, ಬಾಯಿಗೆ ಮಫ್ಲರ್ ಸುತ್ತಿಕೊಂಡಿದ್ದ ಒಬ್ಬನಿಗೂ, ದಾರಿಯ ಆರಂಭದಲ್ಲೇ ಬಿರುಕಿಗೆ ಬಿದ್ದಿದ್ದ ಇನ್ನೊಬ್ಬರಿಗೂ ಕೂಗಿನ ಮಾತುಕತೆ ನಡೆದಿತ್ತು. ಎಲ್ಲರೂ ಕೇಳಿದ್ದರು, ನನ್ನೊಬ್ಬನನ್ನು ಬಿಟ್ಟು.

ನಾನು ಕೂಗಲಿಲ್ಲ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಯಾಕೆ ಕೂಗಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಗುರುಸಿದ್ದಪ್ಪ ದವಾಖಾನೆಯ ಹಾಸಿಗೆಯಲ್ಲಿ ಬಂದವರಿಗೆಲ್ಲ, ಸರ್ ಕೂಗಿದ್ದಕ್ಕೆ ಉಳಿದೆ ಎಂದು ಹೇಳುತ್ತಿದ್ದರು. ಮಹಾದೇವಿಯವರು ಎಲ್ಲರೆದುರು ನನ್ನ ಕಾಲಿಗೆ ನಮಸ್ಕಾರ ಮಾಡಿದರು. ನಮ್ಮ ಗುಂಪಿನವರು ಒಂದು ಸಣ್ಣ ಸಮಾರಂಭ ಮಾಡಿ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಎರಡು ಮಾತು ಆಡಿ ಎಂದಾಗ, ನಾನೇನು ದೊಡ್ಡದು ಮಾಡಿಲ್ಲ ಎಂದೆ. ಜನ ಅದನ್ನು ವಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು. ನನ್ನ ಜೀವನದಲ್ಲಿ ಅಷ್ಟು ನಿಜವಾದ ಮಾತನ್ನು ನಾನು ಸಭೆಯಲ್ಲಿ ಆಡಿಲ್ಲ, ಅಷ್ಟು ದೊಡ್ಡ ಸುಳ್ಳನ್ನೂ ಆಡಿಲ್ಲ.

ವಿವರಣೆಗೆ ನಾನು ಕಡಿಮೆ ಒದ್ದಾಡಲಿಲ್ಲ. ಮಂಜಿನ ದಿನ ನೆಲದ ಹತ್ತಿರ ಗಾಳಿ ತಣ್ಣಗಿದ್ದು ಮೇಲೆ ಬೆಚ್ಚಗಿದ್ದರೆ ಶಬ್ದ ಬಾಗಿ ಬಹುದೂರ ಹೋಗುತ್ತದೆ. ಬಂಡೆಗೆ ಬಡಿದು ಪ್ರತಿಧ್ವನಿಯೂ ಆಗಬಹುದು. ಇದನ್ನೆಲ್ಲ ಕಲಿಸಿದವನೇ ನಾನು. ಆದರೆ ಬಾಗುವುದಕ್ಕೂ ಬಡಿಯುವುದಕ್ಕೂ ಮೊದಲು ಒಂದು ಶಬ್ದ ಹುಟ್ಟಬೇಕಲ್ಲ. ಅಭ್ಯಾಸಬಲದಿಂದ ನನಗೇ ಅರಿವಿಲ್ಲದೆ ಕೂಗುತ್ತಿದ್ದೆನೇನೋ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡೆ. ಹಾಗಾದರೆ ನಾವು ಆರು ಜನ ಮೌನವಾಗಿ ನಿಂತಿದ್ದಾಗ ಗುರುಸಿದ್ದಪ್ಪ ಓಗೊಟ್ಟದ್ದು ಯಾರಿಗೆ? ಮರುವರ್ಷ ಅದೇ ತಿಂಗಳು ಶೋಭಾ ಅವರನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ, ಮಂಜು ಬೀಳುವ ದಿನಕ್ಕೆ ಕಾದು, ಕೂಗಿ ನೋಡಿದೆ. ಬನ್ನಿ ಮರದಿಂದ ಮುನ್ನೂರು ಹೆಜ್ಜೆ ದಾಟಿದ ಮೇಲೆ ಬಿರುಕಿನ ಬಳಿ ನಿಂತವರಿಗೆ ಏನೂ ಕೇಳಲಿಲ್ಲ.

ಹೀಗೆ ವರ್ಷಗಳು ಹೋದವು. ಗುರುಸಿದ್ದಪ್ಪ ಕುಂಟುತ್ತ ನಡೆಯುವಂತಾದರು, ಗುಡ್ಡ ಹತ್ತುವುದು ನಿಂತಿತು. ಹಬ್ಬಕ್ಕೆ ಅವರ ಮನೆಯಿಂದ ನಮ್ಮ ಮನೆಗೆ ಬುತ್ತಿ ಬರುವುದು ಮಾತ್ರ ನಿಲ್ಲಲಿಲ್ಲ. ಪ್ರತಿ ಸಲ ಡಬ್ಬಿ ಬಿಚ್ಚುವಾಗ ಇನ್ನೊಬ್ಬರ ಪಾಲು ಕದ್ದು ತಿನ್ನುತ್ತಿದ್ದೇನೆ ಅನಿಸುತ್ತಿತ್ತು. ಹೋದ ವರ್ಷ ಅವರ ಮೊಮ್ಮಗಳ ಶಾಲೆಯ ಮಾಸ್ತರರು ಈ ಕತೆ ಕೇಳಿ, ಮಕ್ಕಳೆದುರು ಬಂದು ಇಬ್ಬರೂ ಹೇಳಬೇಕು ಎಂದು ಆಹ್ವಾನಿಸಿದರು. ದೊಡ್ಡವರೆದುರು ಶಾಲು ಹೊದ್ದುಕೊಂಡದ್ದು ಹೇಗೋ ನಡೆದುಹೋಗಿತ್ತು. ಮಕ್ಕಳೆದುರು ನಿಂತು ನಾನು ಕೂಗಿದೆ ಎಂದು ಹೇಳಲು ನನ್ನಿಂದ ಆಗುವುದಿಲ್ಲ ಅನಿಸಿತು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಅವರ ಅಂಗಡಿಗೆ ಹೋದೆ. ಬೀಜದ ಚೀಲಗಳ ನಡುವೆ ಕುಳಿತು ಎಲ್ಲವನ್ನೂ ಹೇಳಿದೆ. ಬನ್ನಿ ಮರದಿಂದ ಮುಂದೆ ಒಮ್ಮೆಯೂ ಕೂಗಲಿಲ್ಲ, ಸಿಟ್ಟಿನಿಂದ ಬೇಕೆಂದೇ ಕೂಗಲಿಲ್ಲ, ನಿಮ್ಮನ್ನು ಬಿಟ್ಟು ನಡೆದೆ ಎಂದೆ. ಐದು ವರ್ಷ ನಿಮ್ಮ ಮನೆಯ ಅನ್ನ ಸುಳ್ಳು ಹೇಳಿ ಉಂಡೆ ಎಂದೂ ಹೇಳಿದೆ. ಅವರು ಎದ್ದು ಹೊರಗೆ ಹೋಗು ಎಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವರು ತಕ್ಕಡಿಯ ಮೇಲಿನ ಧೂಳು ಒರೆಸಿದರು. ಆಮೇಲೆ, "ಗೊತ್ತೈತ್ರಿ ಸರ" ಎಂದರು.

ನಾನು ಅವರ ಮುಖ ನೋಡಿದೆ.

"ಬಿದ್ದಾಗ ನೀವ ಅಂತ ತಿಳದಿದ್ದೆ. ದವಾಖಾನ್ಯಾಗ ಮಲಗಿ ನೆನಸಿದಾಗ ತಿಳೀತು. ಮೊದಲ ಮೂರು ಸಲ ಕೂಗಿದ್ರಲ್ಲ, ಅದರಾಗ ಸಿಟ್ಟ ಇತ್ತು. ಬಿದ್ದ ಮ್ಯಾಲ ಕೇಳಿದ ದನಿಯೂ ನಿಮ್ಮದ. ಆದ್ರ ಅದರಾಗ ಸಿಟ್ಟ ಇರಲಿಲ್ರಿ."

"ಮತ್ತ ಊರೆಲ್ಲಾ ನನ್ನ ಹೆಸರು ಯಾಕ ಹೇಳಿದ್ರಿ?"

"ನಾ ಸುಳ್ಳ ಹೇಳಿಲ್ರಿ. ದನಿ ನಿಮ್ಮದ ಇತ್ತು." ಒರೆಸುವ ಅರಿವೆ ಮಡಚಿಟ್ಟು ಮುಂದುವರಿಸಿದರು. "ಆ ಸಂಜಿ ನೀವ ಆಡಿದ ಮಾತು ನನ್ನ ಎದ್ಯಾಗ ಸಿಕ್ಕೊಂಡಿತ್ರಿ ಸರ. ನಿಮ್ಮ ಮನಿ ಕಡೆ ಇನ್ನ ಕಾಲ ಇಡಬಾರದು ಅಂತ ಮುಂಜಾನೆ ಎದ್ದಿದ್ದೆ. ಆ ದನಿ ಕೇಳಕೋತ ಮಲಗಿದಾಗ ಅದು ಹೋತು. ಹೋಗಿದ್ದನ್ನ ಯಾಕ ಕೆದಕಲಿ? ಚಹಾ ತರಸತೇನಿ, ಕುಂತ್ರಿ."

ಶಾಲೆಗೆ ಅವರೊಬ್ಬರೇ ಹೋದರು. ಅಲ್ಲಿಯೂ ನನ್ನ ಹೆಸರೇ ಹೇಳಿದರಂತೆ.

ಅದು ಯಾರ ಕೂಗು ಎಂದು ನೀವು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಗುರುಸಿದ್ದಪ್ಪನವರ ಬಳಿ ಇದೆಯೋ ಏನೋ, ಅವರು ಹೇಳಲಿಲ್ಲ. ಗುಡ್ಡದವರೇ ನನ್ನ ದನಿ ತೊಟ್ಟು ಬಂದರು ಎನ್ನಲು ನನ್ನ ಓದು ಬಿಡುವುದಿಲ್ಲ. ಎಂಟು ಜನರ ಕಿವಿ ಒಟ್ಟಿಗೆ ಸುಳ್ಳು ಹೇಳಿತು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಇತ್ತೀಚೆಗೆ ಮನೆಯಲ್ಲಿ ಯಾರೂ ಇಲ್ಲದಾಗ ಹಿತ್ತಲಿಗೆ ಹೋಗಿ ಮೆಲ್ಲಗೆ ಕೂಗಿ ನೋಡುತ್ತೇನೆ. ಪ್ರತಿ ಸಲವೂ ಅದರಲ್ಲಿ ಎಲ್ಲೋ ಒಂದು ಕಡೆ ಗದರಿಕೆ ಕೇಳಿಸುತ್ತದೆ. ಸಿಟ್ಟಿಲ್ಲದ ನನ್ನ ದನಿ ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ. ಗುರುಸಿದ್ದಪ್ಪ ಅದನ್ನು ಕೇಳಿದ್ದಾರೆ.